ಹೂವಮ್ಮತ್ತೆಗೆ ಹೊಡೆದ ಖಾಲಿ ಫ್ಲ್ಯಾಶ್

ನಮ್ಮ ದೊಡ್ಡಮ್ಮನ ಮಗ ದಿನೇಶಣ್ಣ ಆ ರಾತ್ರಿ ನಡೆದುಕೊಂಡು ಬರ್ತಾ ಇದ್ದ. ಬೈಕು ಜಟ್ಟಪ್ಪನ ಮನೆ ಅಂಗಳದಲ್ಲೇ ಉಳಿದಿತ್ತು. ಯಾರೋ ನೆಂಟರು ಕಾರನ್ನ ಅಡ್ಡ ನಿಲ್ಲಿಸಿ, ಕೀ ಸೊಂಟಕ್ಕೆ ಸಿಕ್ಕಿಸ್ಕೊಂಡು ಮಲಗಿಬಿಟ್ಟಿದ್ದರು. ಮರುದಿನ ಜಟ್ಟಪ್ಪನ ಮೊಮ್ಮಗಳು ಲಿಖಿತಾಳ ಮದುವೆ. ದಿನೇಶಣ್ಣ ಫೋಟೋದವನು, ಸಾಗರದಲ್ಲಿ ಸ್ಟುಡಿಯೋ. ಅರಿಶಿನ ಶಾಸ್ತ್ರದ ಫೋಟೋ ಮುಗಿಸಿ, ಕ್ಯಾಮೆರಾ ಬ್ಯಾಗು ಹೆಗಲಿಗೆ ಹಾಕ್ಕೊಂಡು, ಕಾರಿನವನಿಗೆ ಬೈಕೊಳ್ತಾ ಬಂದ.

ವರದಮೂಲದ ರಸ್ತೆ ಬಿಟ್ಟು ನಮ್ಮ ಕೇರಿಗೆ ತಿರುಗುವಲ್ಲಿ ಆಲದ ಮರ. ಅದರ ಬುಡದಲ್ಲಿ ಹಾಳು ಬಾವಿ. ಹಗಲು ಅದೇ ಕಟ್ಟೆ ಮೇಲೆ ಕೂತು ಬಸ್ಸಿಗೆ ಕಾಯ್ತೀವಿ. ರಾತ್ರಿ ಯಾರೂ ಕೂರಲ್ಲ.

ಸುಷ್ಮಾ, ಆ ಫೋನ್ ಕೆಳಗಿಡು. ಬೆಳಕು ಮುಖಕ್ಕೆ ಹೊಡೀತದೆ. ಕರೆಂಟು ಬರುವಾಗ ಬರ್ತದೆ. ಹ್ಞಾಂ... ಕೇಳಿ.

ಮರದ ಹತ್ತಿರ ಬಂದಾಗ ಒಂದು ಸದ್ದು.

ಕರ್ರ್...

ಕಪ್ಪೆ ಅಲ್ಲ. ಜೀರುಂಡೆ ಅಲ್ಲ. ಬಾವಿಯ ರಾಟೆಯೂ ಅಲ್ಲ, ಆ ಬಾವಿಗೆ ರಾಟೆಯೇ ಇಲ್ಲ. ಸಣ್ಣ ಹಲ್ಲಿನ ಚಕ್ರ ಅರ್ಧ ಸುತ್ತು ತಿರುಗಿ ನಿಂತ ಹಾಗೆ. ದಿನೇಶಣ್ಣನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು... ಆದರೆ ಎಲ್ಲಿ ಕೇಳಿದ್ದು ಅಂತ ಹೊಳೀಲಿಲ್ಲ. ನಿಂತ. ಆಗ ಬಿಳಲುಗಳ ನಡುವಿಂದ ಮೆಲ್ಲಗೆ ಒಂದು ದನಿ.

"ನಂದು ತೊಳ್ದಾತಾ, ದಿನೇಶಾ?"

ಒಬ್ಬ ಹೆಂಗಸು. ತಲೆ ಮೇಲೆ ಸೆರಗು. ಮದುವೆ ಮನೆಗೆ ಬಂದ ನೆಂಟರಲ್ಲಿ ಯಾರೋ ಅಂದುಕೊಂಡ ಇವನು.

"ಎಂತ ತೊಳೆಯೋದು?"

"ಫೋಟೋ."

"ಈಗ ಫೋಟೋ ತೊಳೆಯೋದೆಲ್ಲ ಇಲ್ಲ ಅಮ್ಮಾ. ತೆಗೆದ ತಕ್ಷಣ ಕಾಣ್ತದೆ."

"ಹಂಗಾರೆ ತೋರ್ಸು."

ಆ ಮಾತು ಕೇಳಿದ್ದೇ ಇವನಿಗೆ ಮೈ ಉರಿದುಹೋಯ್ತು. ಬೆಳಗಿನಿಂದ ಕೇಳಿದ್ದು ಅದೊಂದೇ ಮಾತು. ತೋರ್ಸಿ, ತೋರ್ಸಿ. ಟಿಕ್ ಅನ್ನೋದೇ ತಡ, ನಿಂತವರೆಲ್ಲ ಜಾಗ ಬಿಟ್ಟು ಓಡಿಬಂದು ಕ್ಯಾಮೆರಾದ ಬೆನ್ನಿಗೆ ಮುತ್ತಿಕೊಳ್ತಾರೆ. ನಂದು ಕಣ್ಣು ಮುಚ್ಚಿದೆ, ಇನ್ನೊಂದು ಹೊಡೀರಿ. ನಾನು ದಪ್ಪ ಕಾಣ್ತೀನಿ, ಅದನ್ನ ಅಳಿಸ್ರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮುಖ ಸರಿ ಇಲ್ಲದಿದ್ದರೆ ಕ್ಯಾಮೆರಾ ಸರಿ ಇಲ್ಲ. ಒಬ್ಬರಾದರೂ ಪಕ್ಕದಲ್ಲಿ ನಿಂತವರ ಮುಖ ನೋಡ್ತಾರಾ? ಇಲ್ಲ. ತಮ್ಮದು ನೋಡ್ಕೊಂಡರು, ಮುಗೀತು. ಮೊದಲು ಒಂದು ಫೋಟೋ ತೆಗೆದರೆ ತಿಂಗಳುಗಟ್ಟಲೆ ಕಾಯ್ತಿದ್ದ ಜನ ಇವರೇನಾ ಅಂತ ದಿನೇಶಣ್ಣ ನನ್ನ ಹತ್ತಿರ ಎಷ್ಟು ಸಲ ಗೊಣಗಿದ್ದಾನೋ.

ಈ ಕಾಟ ಕತ್ತಲಲ್ಲೂ ತಪ್ಪಲಿಲ್ಲವಲ್ಲ ಅಂತ ಸಿಟ್ಟಲ್ಲೇ ಬ್ಯಾಗು ತೆರೆದ. ಒಂದು ಹೊಡೆದು ತೋರಿಸಿ ಕಳಿಸೋದು ಅಂತ.

"ಅಲ್ಲೇ ನಿಂತ್ಕಳಿ."

ಫ್ಲ್ಯಾಶ್ ಹೊಡೀತು. ಟಿಕ್.

ಆಕೆ ಪಕ್ಕಕ್ಕೆ ಬಂದಳು. ಬಂದ ಹೆಜ್ಜೆಯ ಸದ್ದಿಲ್ಲ... ನೆನೆಸಿ ರುಬ್ಬಿದ ಹಸಿ ಅಕ್ಕಿಹಿಟ್ಟಿನ ವಾಸನೆ ಮಾತ್ರ ಬಂತು. ಸ್ಕ್ರೀನಿನಲ್ಲಿ ಬಿಳಲು ಇತ್ತು. ಬಾವಿಯ ಕಟ್ಟೆ ಇತ್ತು. ಜನ ಇರಲಿಲ್ಲ.

"ತಡೀರಿ, ಇನ್ನೊಂದು..." ಟಿಕ್. ಬಿಳಲು, ಕಟ್ಟೆ. ಮತ್ತೆ ಟಿಕ್. ಬಿಳಲು, ಕಟ್ಟೆ.

"ಖಾಲಿ," ಅಂದಳು ಆಕೆ, ಅವನ ಕಿವಿಯ ಹತ್ತಿರ. "ಅವತ್ತೂ ಖಾಲಿ. ಇವತ್ತೂ ಖಾಲಿ. ಎಲ್ರಿಗೂ ಕರ್ರ್ ಅಂತು ದಿನೇಶಾ... ನಂಗೆ ಮಾತ್ರ ಅನ್ಲಿಲ್ಲ."

ತಲೆ ಎತ್ತಿ ನೋಡಿದರೆ ಯಾರೂ ಇಲ್ಲ.

ನಮ್ಮ ಮನೆ ಬಾಗಿಲು ಬಡಿದದ್ದು ಹೇಗೆ ಅಂತೀರಿ, ಅಗಳಿ ಮುರೀಬೇಕು. ತೆಗೆದೆ. ಮುಖ ಬಿಳಚಿಕೊಂಡಿತ್ತು. ನೀರು ಕುಡಿಸಿದ ಮೇಲೆ ಒಂದೇ ಮಾತು ಅಂದ. "ಯಶೋಧಾ... ಹೂವಮ್ಮತ್ತೆ."

ನನಗೆ ಸಿಟ್ಟು ಬಂತು. ಹೂವಮ್ಮತ್ತೆ ಸತ್ತಾಗ ಈ ಲಿಖಿತಾ ಇನ್ನೂ ಅಂಗನವಾಡಿಗೆ ಹೋಗ್ತಿದ್ದಳು. ಕುಡಿದು ಬಂದಿದೀಯಾ ಅಂತ ಬೈದೆ. ಕುಡಿದಿರಲಿಲ್ಲ. ಆಮೇಲೆ ಕೂತು ಎಲ್ಲ ಹೇಳಿದ.

ಹೂವಮ್ಮತ್ತೆ ಅಂದರೆ ಜಟ್ಟಪ್ಪನ ತಂಗಿ, ಈಗಿನ ಯಜಮಾನ, ಲಿಖಿತಾಳ ಅಪ್ಪ ರಾಜೇಂದ್ರನಿಗೆ ಸೋದರತ್ತೆ. ಗಂಡನ ಮನೆ ಸರಿಹೋಗದೆ ವಾಪಸು ಬಂದು ಅಣ್ಣನ ಮನೆಯಲ್ಲೇ ಉಳಿದವಳು. ಮಕ್ಕಳಿಲ್ಲ. ಆಕೆಗೆ ಅಂತ ಇದ್ದದ್ದು ಒಂದೇ, ಹಸೆ ಚಿತ್ತಾರ. ನಮ್ಮ ದೀವರ ಮನೆ ಮದುವೆಗೆ ಗಂಡು ಹೆಣ್ಣು ಕೂರುವ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನಲ್ಲಿ ಅಕ್ಕಿಹಿಟ್ಟು ಅದ್ದಿ ಎಳೆ ಎಳೀತಾರಲ್ಲ, ಅದು. ಆಕೆ ಎಳೆದ ಎಳೆಗೆ ದಾರ ಹಿಡಿದು ನೋಡಬಹುದಿತ್ತು. ಸುತ್ತಲ ಯಾವ ಮದುವೆಗೂ ಹೂವಮ್ಮನೇ ಬರಬೇಕು. ಬರೀತಾಳೆ, ಕೈ ತೊಳೀತಾಳೆ, ಅಡುಗೆ ಮನೆಗೆ ಹೋಗ್ತಾಳೆ. ಮದುವೆ ಫೋಟೋದಲ್ಲಿ ಹಸೆ ಇರ್ತದೆ, ಅದರ ಮುಂದೆ ಊರೆಲ್ಲ ಇರ್ತದೆ. ಆಕೆ ಇರಲ್ಲ.

ರಾಜೇಂದ್ರನ ಮದುವೆ ಅದೇ ಮನೆಯಲ್ಲಾಯ್ತು. ಆಗೆಲ್ಲ ಫಿಲ್ಮ್ ಕ್ಯಾಮೆರಾ. ದಿನೇಶಣ್ಣ ಆಗಷ್ಟೇ ಸ್ಟುಡಿಯೋ ಹಾಕಿದ್ದ. ಒಂದು ಹೊಡೆದರೆ ಟಕ್ ಅನ್ನೋದು, ಆಮೇಲೆ ಮೇಲಿನ ಕಡ್ಡಿ ಎಳೆದು ಫಿಲ್ಮ್ ಮುಂದೆ ಸರಿಸಬೇಕು, ಕರ್ರ್ ಅನ್ನೋದು. ಹಾಗಂದರೆ ಫೋಟೋ ಬಿತ್ತು ಅಂತ. ರೋಲು ದುಬಾರಿ. ಜನ ಮಾತ್ರ ಸಾಲುಗಟ್ಟಿ ಬರ್ತಾರೆ, ಬೇಡ ಅಂದರೆ ಬೇಜಾರು. ಅದಕ್ಕೆ ಫೋಟೋದವರೆಲ್ಲ ಒಂದು ಉಪಾಯ ಇಟ್ಟುಕೊಂಡಿದ್ದರು. ಕ್ಯಾಮೆರಾ ಒತ್ತೋದೇ ಇಲ್ಲ, ಫ್ಲ್ಯಾಶ್ ಹಿಂದಿನ ಗುಂಡಿ ಮಾತ್ರ ಒತ್ತೋದು. ಪುಸ್ ಅಂತ ಬೆಳಕು ಬರ್ತದೆ. ನಿಂತವರು ಖುಷಿಯಾಗಿ ಊಟಕ್ಕೆ ಹೋಗ್ತಾರೆ. ಖಾಲಿ ಫ್ಲ್ಯಾಶ್. ಸಾಗರದಿಂದ ತೀರ್ಥಹಳ್ಳಿವರೆಗೆ ಅದನ್ನ ಹೊಡೆಯದ ಒಬ್ಬ ಫೋಟೋದವನನ್ನ ತೋರಿಸಿ ನೋಡುವ.

ಗಂಡು ಹೆಣ್ಣು ಎದ್ದು ಒಳಗೆ ಹೋದ ಮೇಲೆ ಹೂವಮ್ಮತ್ತೆ ಬಂದಳಂತೆ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ತಾ.

"ನಂದೊಂದು ತೆಗಿ ತಮ್ಮಾ. ಹಸೆ ಪೂರ್ತಿ ಬರ್ಲಿ."

ರೋಲಿನಲ್ಲಿ ಸ್ವಲ್ಪವೇ ಉಳಿದಿತ್ತು. ಹೆಣ್ಣು ಒಪ್ಪಿಸುವ ಶಾಸ್ತ್ರ ಬಾಕಿ ಇತ್ತು. ಇವನು ಹಿಂದಿನ ಗುಂಡಿ ಒತ್ತಿದ. ಪುಸ್.

ಆಕೆ ಹಾಗೇ ನಿಂತಿದ್ದಳಂತೆ, ಕಿವಿ ಕೊಟ್ಟು.

"ಆತಾ?"

"ಆತು ಅತ್ತೆ."

ಆಮೇಲೆ ಕಂಡಾಗೆಲ್ಲ ಕೇಳ್ತಿದ್ದಳು. ನಂದು ತೊಳ್ದಾತಾ? ಇನ್ನೂ ಇಲ್ಲ ಅತ್ತೆ. ನಂದು ತೊಳ್ದಾತಾ? ಕೊನೆಗೊಂದು ದಿನ, ಬೆಳಕು ತಾಗಿ ಆ ಫಿಲ್ಮು ಹಾಳಾಯ್ತು ಅಂದುಬಿಟ್ಟ. ಆಕೆ ಮತ್ತೆ ಕೇಳಲಿಲ್ಲ. ಹಸೆಯೂ ಗೋಡೆಯಿಂದ ಉದುರಿ ಹೋಯ್ತು. ಕೆಲವು ವರ್ಷಕ್ಕೆ ಜ್ವರ ಬಂದು ಆಕೆಯೂ ಹೋದಳು. ಒಂದೇ ಒಂದು ಫೋಟೋ ಇಲ್ಲ. ಹಿರಿಯರಿಗೆ ಎಡೆ ಇಡುವಾಗ ಎಲ್ಲರ ಫೋಟೋಕ್ಕೂ ಹೂವು ಹಾಕ್ತಾರೆ, ಹೂವಮ್ಮತ್ತೆಯ ಲೆಕ್ಕಕ್ಕೆ ಒಂದು ಹಳೇ ಸೀರೆ ಮಡಚಿ ಇಡ್ತಾರೆ.

"ಅಷ್ಟು ಕೇಳ್ಕೊಂಡಳಲ್ಲೋ, ಒಂದು ಹೊಡೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದೆ.

ಮರುದಿನ ಮದುವೆ. ನಾನೂ ಹೋದೆ. ಈ ಸಲ ಹಸೆ ಬರೆದಿರಲಿಲ್ಲ. ಬರೆಯುವವರು ಯಾರಿದ್ದಾರೆ? ರಾಜೇಂದ್ರ ಆ ಗೋಡೆಗೆ ಹಸಿರು ಪೇಂಟು ಹೊಡೆಸಿ, ಅದರ ಮೇಲೆ ಹಸೆ ಚಿತ್ತಾರದ ಫ್ಲೆಕ್ಸ್ ಇಳಿಬಿಟ್ಟಿದ್ದ. ನಟ್ಟನಡುವೆ 'ಲಿಖಿತಾ ವೆಡ್ಸ್ ದೀಪಕ್' ಅಂತ ಬೇರೆ.

ಮೊದಲ ಗ್ರೂಪ್ ಫೋಟೋ. ಟಿಕ್. ಎಂದಿನಂತೆ ಎಲ್ಲ ಓಡಿಬಂದರು.

"ಇದೆಂತ, ನಡುವೆ ಜಾಗ ಬಿಟ್ಟಿದೀವಲ್ಲ?"

ನೋಡಿದರೆ ಹೌದು. ಮದುಮಗಳ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ. ಹತ್ತಿರ ನಿಂತ್ಕೊಳಿ ಅಂದ. ನಿಂತರು, ಭುಜಕ್ಕೆ ಭುಜ ತಾಗಿಸಿ. ನಾನೇ ಕಣ್ಣಾರೆ ನೋಡಿದೆ, ನಡುವೆ ಒಂದು ಕಡ್ಡಿ ತೂರಿಸೋಕೂ ಆಗ್ತಿರಲಿಲ್ಲ. ಟಿಕ್. ಸ್ಕ್ರೀನಿನಲ್ಲಿ ಮತ್ತೆ ಜಾಗ. ಇನ್ನೊಂದು. ಜಾಗ. ಇನ್ನೊಂದು. ಜಾಗ.

ನನಗೆ ತಡೀಲಿಲ್ಲ. ಹೋಗಿ ಸರಿಯಾಗಿ ಆ ಜಾಗದಲ್ಲೇ ನಿಂತೆ. ಟಿಕ್. ಸ್ಕ್ರೀನಿನಲ್ಲಿ ನಾನಿದ್ದೆ. ನನ್ನ ಪಕ್ಕ ಜಾಗ ಇತ್ತು. ನಿಂತಾಗ ಮೂಗಿಗೆ ಬಂದ ವಾಸನೆ... ಅಕ್ಕಿಹಿಟ್ಟಿಂದು.

ಫಿಲ್ಮ್ ಕಾಲವಾಗಿದ್ದರೆ ಇದು ಗೊತ್ತಾಗಲು ತಿಂಗಳು ಬೇಕಿತ್ತು, ಅಷ್ಟೊತ್ತಿಗೆ ಮದುವೆ ಊಟವೂ ಅರಗಿರ್ತಿತ್ತು. ಈಗ ಹೊಡೆದ ಹೊಡೆತಕ್ಕೆ ಕಾಣ್ತದಲ್ಲ! ನೂರು ಬಾಯಿ, ನೂರು ಮಾತು. ಹುಡುಗರ ಫೋನಿನಲ್ಲಿ ಎಲ್ಲ ಸರಿಯಾಗಿ ಬೀಳ್ತಿತ್ತು, ಇವನ ಅಷ್ಟು ದೊಡ್ಡ ಕ್ಯಾಮೆರಾದಲ್ಲಿ ಮಾತ್ರ ಹೀಗೆ. ಕ್ಯಾಮೆರಾ ಬದಲಿಸಿದ, ಲೆನ್ಸ್ ಬದಲಿಸಿದ. ಮುಹೂರ್ತದಲ್ಲೂ ಜಾಗ, ಧಾರೆಯಲ್ಲೂ ಜಾಗ. ಸಂಜೆ ರಾಜೇಂದ್ರ ಎಲ್ಲರೆದುರಿಗೆ ಅಂದ.

"ಇದ್ದೊಬ್ಬ ಮಗಳ ಮದುವೆ ಹಾಳು ಮಾಡಿದೆ ಮಾರಾಯ. ನಿನ್ನ ಆಲ್ಬಮ್ ಬೇಡ, ನೀನೂ ಬೇಡ."

ಸುದ್ದಿಗೆ ಕಾಲು ಬೇಕಾ? ಹೆಗ್ಗೋಡಿನ ನಾಮಕರಣದವರು ಬೇರೆಯವರನ್ನ ಕರೆದರು. ನಿಟ್ಟೂರಿನ ಗೃಹಪ್ರವೇಶಕ್ಕೆ ಹೋದ, ಅಲ್ಲೂ ಅದೇ ಜಾಗ, ಅರ್ಧದಲ್ಲೇ ಕಳಿಸಿದರು. ದಿನೇಶಣ್ಣ ಸ್ಟುಡಿಯೋ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂರಲು ಶುರು ಮಾಡಿದ. ಗೊತ್ತಿದ್ದದ್ದು ಅದೊಂದೇ ಕೆಲಸ ಅವನಿಗೆ.

ನಾನು ಹೋಗಿ ಬೈದೆ. "ಆಕೆ ಕೇಳಿದ್ದು ಫಿಲ್ಮಿನ ಫೋಟೋ. ಬಾಕಿ ಇಟ್ಟವನು ನೀನು. ಹೋಗಿ ತೆಗಿ."

"ಯಾರದ್ದು ತೆಗಿಯೋದು ಯಶೋಧಾ? ಸತ್ತವರದ್ದಾ?"

"ಗೋಡೆದು ತೆಗಿ. ಹಸೆ ಪೂರ್ತಿ ಬರ್ಲಿ ಅಂದಿದ್ಳಲ್ಲ."

ಹಳೇ ಕ್ಯಾಮೆರಾ ಅಟ್ಟದ ಮೇಲೆ ಸಿಕ್ಕಿತು. ಫಿಲ್ಮು ಎಲ್ಲೂ ಇಲ್ಲ. ಸಾಗರದಲ್ಲಿ ಕೇಳಿದರೆ ನಕ್ಕರು. ಹೊಸನಗರದಲ್ಲಿ, ಹಾಗಂದರೇನು ಅಂತ ಕೇಳಿದರು. ಕೊನೆಗೆ ತೀರ್ಥಹಳ್ಳಿಯಲ್ಲಿ ಸ್ಟುಡಿಯೋ ಮುಚ್ಚಿ ಕೂತಿದ್ದ ಮುಕುಂದಯ್ಯ ಅನ್ನುವವರು ಫ್ರಿಜ್ಜಿನಿಂದ ಒಂದು ರೋಲು ತೆಗೆದುಕೊಟ್ಟರು. "ಡೇಟು ಮುಗಿದು ಯಾವ ಕಾಲ ಆತೋ. ಬಂದ್ರೆ ಬಂತು," ಅಂದರಂತೆ.

ರಾಜೇಂದ್ರನಿಗೆ ನಿಜ ಹೇಳಿದೆವು. ಅವನು ದಿನೇಶಣ್ಣನ ಮುಖವನ್ನೇ ನೋಡಿದ. ಆಮೇಲೆ ಎದ್ದು ಹೋಗಿ ಫ್ಲೆಕ್ಸ್ ಬಿಚ್ಚಿದ. ಹಸಿರು ಗೋಡೆ, ಅಷ್ಟೇ. ಲಿಖಿತಾ ತವರಿಗೆ ಬಂದಿದ್ದಳು, ಅವಳೂ ನಿಂತು ನೋಡಿದಳು.

ದಿನೇಶಣ್ಣ ಕ್ಯಾಮೆರಾ ಎತ್ತಿದ. ಫ್ಲ್ಯಾಶ್ ಕುಂಯ್ಯ್... ಅಂತ ಸಣ್ಣಗೆ ಕೂಗಿ ತಯಾರಾಯ್ತು.

"ಅತ್ತೆ, ನಿಂತ್ಕಳಿ. ಹಸೆ ಪೂರ್ತಿ ಬರ್ತದೆ," ಅಂದ ಖಾಲಿ ಗೋಡೆಗೆ.

ಟಕ್. ಪುಸ್. ಆಮೇಲೆ ಕಡ್ಡಿ ಎಳೆದ. ಕರ್ರ್...

ಆ ಸದ್ದು ನಿಂತ ಮೇಲೆ ಗೋಡೆಯ ಕಡೆ ಗಾಜಿನ ಬಳೆ ಸರಿದ ಸದ್ದಾಯ್ತು. ನಾನು ಲಿಖಿತಾಳ ಕೈ ನೋಡಿದೆ. ಅವಳ ಕೈ ಅಲ್ಲಾಡಿರಲಿಲ್ಲ.

"ತೋರ್ಸಿ ಮಾಮ," ಅಂದಳು ಅವಳು. ದಿನೇಶಣ್ಣ ಕೂಡ ಅಭ್ಯಾಸಬಲದಿಂದ ಕ್ಯಾಮೆರಾ ತಿರುಗಿಸಿ ಬೆನ್ನು ನೋಡಿದ. ಅಲ್ಲೇನಿರ್ತದೆ, ಕಪ್ಪು ಮುಚ್ಚಳ.

"ಕಾಯ್ಬೇಕು ಮಗಾ. ತೊಳೀಬೇಕು."

ಕಾದೆವು. ತೊಳೆಯುವವರು ಹತ್ತಿರದಲ್ಲಿ ಯಾರಿದ್ದಾರೆ? ಬೆಂಗಳೂರಿಗೆ ಕೊರಿಯರ್ ಮಾಡಿದ್ದು. ಮನೆಮಂದಿಗೆಲ್ಲ ಕಾಯೋದೇ ಮರೆತುಹೋಗಿತ್ತು. ರಾಜೇಂದ್ರ ದಿನಾ ಫೋನ್ ಮಾಡಿ ರೇಗ್ತಿದ್ದ, ದಿನೇಶಣ್ಣ ಲ್ಯಾಬಿನವರಿಗೆ ಫೋನ್ ಮಾಡಿ ರೇಗ್ತಿದ್ದ, ನಾನು ಇಬ್ಬರಿಗೂ ರೇಗ್ತಿದ್ದೆ. ರಾತ್ರಿ ಆ ಮರದ ದಾರಿಯಲ್ಲಿ ಬರೋದನ್ನೇ ಬಿಟ್ಟಿದ್ದ ಅವನು. ಎಷ್ಟು ಸಲ ಅಂತ 'ಇನ್ನೂ ಇಲ್ಲ ಅತ್ತೆ' ಅನ್ನಲಿ ಅಂತಿದ್ದ.

ಮೊದಲು ಲ್ಯಾಬಿನವರು ವಾಟ್ಸಾಪಿನಲ್ಲಿ ಕಳಿಸಿದರು. ತೆರೆದರೆ ಬರೀ ಹಸಿರು ಗೋಡೆ. ದಿನೇಶಣ್ಣ ಫೋನನ್ನ ಮಂಚದ ಮೇಲೆ ಎಸೆದು, "ಇದೂ ಖಾಲಿ, ಸಾಕು ನಂಗೆ," ಅಂತ ಗೋಡೆಗೆ ತಲೆ ಕೊಟ್ಟು ಕೂತ. ಅವನು ಹಾಗೆ ಸೋತು ಕೂತದ್ದನ್ನ ನಾನು ನೋಡಿದ್ದೇ ಇಲ್ಲ.

ಆಮೇಲೆ ಕೊರಿಯರ್ ಬಂತು. ನಾನೇ ಲಕೋಟೆ ಒಡೆದೆ. ಒಂದೇ ಪ್ರಿಂಟು.

ಕೆಮ್ಮಣ್ಣಿನ ಗೋಡೆ. ಅದರ ಮೇಲೆ ಹಸೆ, ಅಂಚಿನಿಂದ ಅಂಚಿಗೆ, ಪೂರ್ತಿ. ನಡುವೆ ಒಂದು ಕಡೆ ಮಾತ್ರ ಎಳೆಗಳು ಕಾಣಲ್ಲ... ಯಾರೋ ಅಡ್ಡ ನಿಂತ ಹಾಗೆ. ಆದರೆ ನಿಂತವರು ಇಲ್ಲ.

ರಾಜೇಂದ್ರ ಅದನ್ನ ತಿರುಗಿಸಿ ಮುರುಗಿಸಿ ನೋಡಿದ. "ಮುಖವೇ ಇಲ್ವಲ್ಲ. ಮುಖ ಇಲ್ದಿರೋ ಫೋಟೋಕ್ಕೆ ಎಡೆ ಇಡೋದಾ?" ಅಂದ. ಅಂದವನ ಕಣ್ಣು ಮಾತ್ರ ಒದ್ದೆಯಾಗಿತ್ತು.

"ಆಕೆಗೆ ತೋರ್ಸಿ ಬರ್ತೀವಿ ಮೊದಲು," ಅಂದೆ ನಾನು.

ಅವತ್ತು ರಾತ್ರಿ ದಿನೇಶಣ್ಣನ ಜೊತೆ ನಾನೂ ಹೋದೆ. ಇಲ್ಲಿಂದ ಮುಂದೆ ಯಾರೋ ಹೇಳಿದ್ದಲ್ಲ, ನಾನೇ ಕೇಳಿದ್ದು. ಮರದ ಕೆಳಗೆ ಗಾಳಿ ಇರಲಿಲ್ಲ. ದಿನೇಶಣ್ಣ ಫೋಟೋವನ್ನ ಎರಡೂ ಕೈಯಲ್ಲಿ ಹಿಡಿದು ಬಿಳಲಿನ ಕಡೆ ಚಾಚಿದ.

"ತೊಳ್ದಾತು ಅತ್ತೆ," ಅಂದ.

ಏನೂ ಇಲ್ಲ... ನೀರಿಲ್ಲದ ಬಾವಿಯಲ್ಲಿ ಎಲೆ ಬಿದ್ದ ಸದ್ದು. ಆಮೇಲೆ ಅಕ್ಕಿಹಿಟ್ಟಿನ ವಾಸನೆ. ಫೋಟೋದ ಒಂದು ಮೂಲೆ ಸ್ವಲ್ಪ ಕೆಳಗೆ ಬಾಗಿತು, ಆಚೆಯಿಂದ ಇನ್ನೊಬ್ಬರು ಹಿಡಿದ ಹಾಗೆ. ಬಹಳ ಹೊತ್ತು ಹಾಗೇ ಇತ್ತು.

ನಾನು ಕಾದದ್ದು ಒಂದೇ ಮಾತಿಗೆ. ನನ್ನ ಮುಖ ಎಲ್ಲಿ ಅಂತ ಕೇಳ್ತಾಳೆ, ನಾವೇನು ಹೇಳೋದು ಅಂತ. ಅದನ್ನ ಕೇಳಲೇ ಇಲ್ಲ ಆಕೆ. ಮುಖ ಹುಡುಕಲೇ ಇಲ್ಲ.

"ಎಡಗಡೆ ಎಳೆ ಸೊಟ್ಟಾಗಿ ಹೋತಲ್ಲ..." ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. "ಗಡಿಬಿಡಿ ಮಾಡಿದ್ರು ಅವತ್ತು."

ಅಷ್ಟೇ. ಮೂಲೆ ನೆಟ್ಟಗಾಯ್ತು.

ದಿನೇಶಣ್ಣ ಆ ಕಟ್ಟೆಯ ಮೇಲೆ ಕೂತು ಅತ್ತ. ನನಗೂ ಅಳು ಬಂತು. ಎಲ್ಲರೂ ತಮ್ಮ ತಮ್ಮ ಮುಖ ನೋಡ್ಕೊಳ್ಳುವ ಈ ಕಾಲದಲ್ಲಿ, ಅಷ್ಟು ವರ್ಷ ಕಾದವಳು ತಾನು ಎಳೆದ ಗೆರೆ ನೋಡಿ ಹೋದಳಲ್ಲ. ಒಂದು ಫಿಲ್ಮು. ಒಂದು ಟಕ್, ಒಂದು ಕರ್ರ್. ಅವತ್ತೇ ಕೊಟ್ಟಿದ್ದರೆ ಏನಾಗ್ತಿತ್ತು?

ಆಮೇಲೆ ದಿನೇಶಣ್ಣನ ಫೋಟೋದಲ್ಲಿ ಜಾಗ ಬೀಳಲಿಲ್ಲ. ಕೆಲಸ ಮತ್ತೆ ಬರ್ತಾ ಇದೆ. ರಾಜೇಂದ್ರನ ಮನೆಯಲ್ಲಿ ಆ ಫೋಟೋಕ್ಕೆ ಕಟ್ಟು ಹಾಕಿಸಿ ಎಡೆ ಇಡ್ತಾರೆ, ಹೂವು ಹಾಕ್ತಾರೆ.

ಆದರೆ ಮರದ ಹತ್ತಿರ ಹೋದ ಮರುದಿನ ಬೆಳಿಗ್ಗೆಯೇ ರಾಜೇಂದ್ರ ನನಗೆ ಫೋನ್ ಮಾಡಿ ಕೂಗಾಡಿದ್ದ. ಹೊಸ ಪೇಂಟಿನ ಮೇಲೆ ಯಾರೇ ಗೀಚಿದ್ದು ಅಂತ. ಹೋಗಿ ನೋಡಿದೆ. ಹಸಿರು ಗೋಡೆಯ ಎಡಗಡೆ, ಮೇಲಿನಿಂದ ಕೆಳಗೆ, ಒಂದೇ ಒಂದು ಬಿಳಿ ಎಳೆ. ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಬೆರಳಲ್ಲಿ ಮುಟ್ಟಿದೆ, ಇನ್ನೂ ಹಸಿ ಇತ್ತು.

ರಾಜೇಂದ್ರ ಅದನ್ನ ಒರೆಸಿಲ್ಲ. ನಂಬದವರು ನಾಳೆ ಹೋಗಿ ನೋಡಿ ಬನ್ನಿ, ಈಗಲೂ ಇದೆ. ಫೋನ್ ಮಾತ್ರ ತಗೊಂಡು ಹೋಗಬೇಡಿ. ಅದರಲ್ಲಿ ತೆಗೆದರೆ ಬರೀ ಹಸಿರು ಗೋಡೆ ಬರ್ತದೆ.